ಹುಡುಗರ ಟ್ರೈನಿಂಗ್ ಪ್ಲಾನ್ ಬರೆಯೋ ಕಾಲೇಜ್ ಕೋಚ್‌ಗಳು ತಮ್ಮ ಮನಸ್ಸಿಗೂ ಒಂದು ಪ್ಲಾನ್ ಬರ್ಕೊಳ್ಳೋದು ಹೇಗೆ

ಡಿಗ್ರಿ ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್ ಕೆಲಸ ಅಂದ್ರೆ ಏನೇನು ಅನ್ನೋದು ಒಳಗಿರೋರಿಗೆ ಮಾತ್ರ ಗೊತ್ತು. ಬೆಳಗ್ಗೆ ಆರಕ್ಕೆ ಗ್ರೌಂಡಲ್ಲಿ ಕಬಡ್ಡಿ ಹುಡುಗರು, ಒಂಬತ್ತೂವರೆಗೆ ಗೇಟ್ ಹತ್ರ ಲೇಟಾಗಿ ಬರೋರನ್ನ ನಿಲ್ಲಿಸೋ ಡ್ಯೂಟಿ, ಹನ್ನೊಂದಕ್ಕೆ ಎಲಿಜಿಬಿಲಿಟಿ ಫಾರ್ಮ್ ಹಿಡ್ಕೊಂಡು ಪ್ರಿನ್ಸಿಪಾಲ್ ಸೈನು ಸೀಲಿಗೆ ಕಾಯೋದು, ಮಧ್ಯಾಹ್ನ ಡಿಸಿಪ್ಲಿನ್ ಕಮಿಟಿ ಮೀಟಿಂಗು, ಸಂಜೆ ಮತ್ತೆ ವಾಲಿಬಾಲ್ ಕೋರ್ಟು, ರಾತ್ರಿ ಊಟಕ್ಕೆ ಕೂತಾಗ ಯಾವುದೋ ಹುಡುಗನ ಅಪ್ಪನ ಫೋನು. ಆಗಸ್ಟ್ 15ರ ಪರೇಡು, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಫೈಲು, ಎಲೆಕ್ಷನ್ ಡ್ಯೂಟಿ ಇವೆಲ್ಲ ಇದರ ಮೇಲೆ. ಇಷ್ಟೆಲ್ಲ ಮಾಡಿ ಟೀಮು ಝೋನ್ ಲೆವೆಲ್‌ನಲ್ಲೇ ಸೋತು ಬಂದ್ರೆ ಸ್ಟಾಫ್ ರೂಮಲ್ಲಿ ಒಂದೇ ಪ್ರಶ್ನೆ, "ಏನ್ ಸಾರ್, ಈ ಸಲ ಏನೂ ಬರ್ಲಿಲ್ವಾ?"

ಆ ಪ್ರಶ್ನೆ ಕೇಳಿಸ್ಕೊಂಡು ಉತ್ತರ ಕೊಡೋಕಾಗದೆ ಸುಮ್ನೆ ಬಂದೋರಿಗೋಸ್ಕರ ಇದನ್ನ ಬರೀತಿದೀನಿ. ಪರ್ಮನೆಂಟ್ ಇರೋ ಡೈರೆಕ್ಟರ್‌ಗಳು, ವರ್ಷ ವರ್ಷ ರಿನ್ಯೂವಲ್ ಕಾಯೋ ಗೆಸ್ಟ್ ಟೀಚರ್‌ಗಳು, ಪ್ರೈವೇಟ್ ಕಾಲೇಜಲ್ಲಿ ಒಂದೇ ಆಟಕ್ಕೆ ಅಂತ ತಿಂಗಳ ಸಂಬಳಕ್ಕೆ ಇರೋ ಕೋಚ್‌ಗಳು, ಎಲ್ಲರಿಗೂ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ ತೆಗೆದು ನೋಡಿ, ಕಾಲೇಜ್ ಫಿಸಿಕಲ್ ಡೈರೆಕ್ಟರ್ ಹುದ್ದೆಗೆ ಗಂಡಸರಿಗೆ 12 ನಿಮಿಷ, ಹೆಂಗಸರಿಗೆ 8 ನಿಮಿಷದ ಓಟ-ನಡಿಗೆಯ ಫಿಟ್‌ನೆಸ್ ಟೆಸ್ಟ್ ಇದೆ, ವಯಸ್ಸಿಗೆ ತಕ್ಕ ಹಾಗೆ ಇಷ್ಟಿಷ್ಟು ಮೀಟರ್ ಅಂತ ಟೇಬಲ್ಲೇ ಇದೆ. ಅಂದ್ರೆ ಸೇರುವಾಗ ಮೈ ಅಳೀತಾರೆ. ಸೇರಿದ ಮೇಲೆ ಇಪ್ಪತ್ತೈದು ಮೂವತ್ತು ವರ್ಷ ಮನಸ್ಸು ಹೆಂಗಿದೆ ಅಂತ ಯಾರೂ ಕೇಳಲ್ಲ. ಅದಕ್ಕಿಂತ ನಂಗೆ ಹೆಚ್ಚು ಬೇಜಾರಾಗೋದು ಏನಂದ್ರೆ ನಾವೂ ಕೇಳ್ಕೊಳ್ಳಲ್ಲ. ಒಬ್ಬ ಹುಡುಗ ನಾಲ್ಕು ವಾರ ಜೋರಾಗಿ ಪ್ರಾಕ್ಟೀಸ್ ಮಾಡಿದ್ರೆ ಐದನೇ ವಾರ ಲೋಡ್ ಇಳಿಸ್ಬೇಕು ಅಂತ ನಮಗೆ ಗೊತ್ತು, ಟೈಮಿಂಗ್ ಬೀಳ್ತಿದೆ, ನಿದ್ದೆ ಬರ್ತಿಲ್ಲ, ಸಣ್ಣದಕ್ಕೂ ರೇಗ್ತಾನೆ ಅಂದ್ರೆ ಓವರ್‌ಟ್ರೈನಿಂಗ್ ಅಂತ ಕಣ್ಣಲ್ಲೇ ಕಂಡು ಹಿಡೀತೀವಿ, "ಎರಡು ದಿನ ರೆಸ್ಟ್ ತಗೋ ಮಗಾ" ಅಂತ ಹೇಳ್ತೀವಿ. ಅದೇ ಲಕ್ಷಣ ನಮ್ಮಲ್ಲೇ ಕಂಡಾಗ ಅದನ್ನ ಕೆಲಸದ ಮೇಲಿನ ನಿಷ್ಠೆ ಅಂದ್ಕೊಂಡು ಇನ್ನೂ ಎಳೀತೀವಿ. ಕೋಚ್‌ಗೂ ಲೋಡ್ ಇದೆ, ಅದಕ್ಕೂ ರಿಕವರಿ ಬೇಕು, ಅದನ್ನ ಸೀಸನ್ ಶುರುವಾಗೋ ಮುಂಚೆನೇ ಪ್ಲಾನ್ ಮಾಡ್ಬೇಕು. ಕೆಳಗಿರೋದೆಲ್ಲ ಇದೊಂದೇ ಮಾತಿನ ವಿವರ.

ಹೆಜ್ಜೆ 1: ಮೊದಲು ಅಳತೆ ತಗೊಳ್ಳಿ

ಹುಡುಗರಿಗೆ ಜೂನ್ ಜುಲೈನಲ್ಲಿ ಸೆಲೆಕ್ಷನ್ ಟ್ರಯಲ್ಸ್ ಮಾಡಿ ಟೈಮಿಂಗ್ ಬರ್ಕೋತೀರಲ್ಲ, ಹಾಗೇ ನಿಮ್ಮದೂ ಒಂದು ಬೇಸ್‌ಲೈನ್ ಬರ್ಕೊಳ್ಳಿ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಅನ್ನೋ ಐದು ಪ್ರಶ್ನೆಯ ಚಿಕ್ಕ ಪಟ್ಟಿ ಇದೆ, 1998ರಿಂದ ಜಗತ್ತಿನಾದ್ಯಂತ ಬಳಸ್ತಿದಾರೆ. ಕಳೆದ ಎರಡು ವಾರ ನೆನಪು ಮಾಡ್ಕೊಂಡು ಉತ್ತರ ಬರೀಬೇಕು: ಮನಸ್ಸು ಉಲ್ಲಾಸವಾಗಿತ್ತಾ, ಶಾಂತವಾಗಿ ನಿರಾಳವಾಗಿ ಇದ್ನಾ, ಚಟುವಟಿಕೆಯಿಂದ ಇದ್ನಾ, ಬೆಳಗ್ಗೆ ಎದ್ದಾಗ ಚೆನ್ನಾಗಿ ನಿದ್ದೆ ಆಗಿ ಫ್ರೆಶ್ ಅನಿಸ್ತಿತ್ತಾ, ದಿನದಲ್ಲಿ ನಂಗೆ ಆಸಕ್ತಿ ಇರೋ ವಿಷಯಗಳು ಇದ್ವಾ. ಒಂದೊಂದಕ್ಕೂ 0ಯಿಂದ 5, ಯಾವತ್ತೂ ಇಲ್ಲ ಅಂದ್ರೆ 0, ಎಲ್ಲಾ ಹೊತ್ತೂ ಇತ್ತು ಅಂದ್ರೆ 5. ಕೂಡಿಸಿ 4ರಿಂದ ಗುಣಿಸಿ, 100ಕ್ಕೆ ಇಷ್ಟು ಅಂತ ಬರತ್ತೆ. 50 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಮನಸ್ಸು ಕುಗ್ಗಿದೆ ಅಂತ ಅರ್ಥ, ಗಮನ ಕೊಡ್ಲೇಬೇಕು. ಇದು ಕಾಯಿಲೆ ಇದೆ ಅಂತ ಹೇಳೋ ಟೆಸ್ಟ್ ಅಲ್ಲ. ಆದ್ರೆ ಹದಿನೈದು ದಿನಕ್ಕೊಂದು ಸಲ ಬರ್ದಿಟ್ರೆ ಸೀಸನ್ನಿನ ಯಾವ ತಿಂಗಳಲ್ಲಿ ಗ್ರಾಫ್ ಕೆಳಗೆ ಬೀಳತ್ತೆ ಅಂತ ನಿಮ್ಮ ಕಣ್ಣಿಗೇ ಕಾಣತ್ತೆ.

ಇದರ ಜೊತೆ ಇನ್ನೊಂದು ನೋಡ್ಬೇಕು. ಬರ್ನ್‌ಔಟ್ ಅಂತ ಎಲ್ಲರೂ ಈಗ ಮಾತಾಡ್ತಾರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನ ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರೋ ಸ್ಥಿತಿ ಅಂತ ತನ್ನ ಪಟ್ಟಿಗೆ ಸೇರಿಸಿ ಮೂರು ಲಕ್ಷಣ ಹೇಳಿದೆ. ಒಂದು, ಶಕ್ತಿಯೆಲ್ಲ ಬತ್ತಿಹೋಗಿರೋದು. ಎರಡು, ಕೆಲಸದಿಂದ ಮನಸ್ಸು ದೂರ ಆಗಿ ಎಲ್ಲದರ ಮೇಲೂ ಕಹಿ ಬರೋದು. ಮೂರು, ನಾನು ಮಾಡ್ತಿರೋದ್ರಿಂದ ಏನೂ ಆಗ್ತಿಲ್ಲ ಅನಿಸೋದು. ನಮ್ಮ ಕೆಲಸದಲ್ಲಿ ಎರಡನೇದು ಬಹಳ ಮೋಸದ್ದು, ಯಾಕಂದ್ರೆ ಅದು ಸ್ಟ್ರಿಕ್ಟ್‌ನೆಸ್ ವೇಷದಲ್ಲಿ ಬರತ್ತೆ. "ಈಗಿನ ಹುಡುಗರಿಗೆ ಏನೂ ಬೇಡ, ಸರ್ಟಿಫಿಕೇಟ್ ಸಿಕ್ರೆ ಸಾಕು" ಅನ್ನೋ ಮಾತು ನಿಮ್ಮ ಬಾಯಲ್ಲಿ ವಾರಕ್ಕೆ ಎಷ್ಟು ಸಲ ಬರ್ತಿದೆ ಅಂತ ಗಮನಿಸಿ. ಹುಡುಗರು ಬದಲಾಗಿರೋದೂ ನಿಜ ಇರ್ಬಹುದು, ಆದ್ರೆ ಮುಂಚೆ ಒಬ್ಬೊಬ್ಬನ ಹೆಸರು, ಊರು, ಮನೆ ಕಷ್ಟ ಎಲ್ಲ ಗೊತ್ತಿಟ್ಕೊಳ್ತಿದ್ದ ನೀವು ಈಗ "ಏಯ್ ಏಳನೇ ನಂಬರ್" ಅಂತ ಕರೀತಿದೀರಾ ಅಂದ್ರೆ ದಣಿದಿರೋದು ನೀವು.

ಹೆಜ್ಜೆ 2: ದಣಿವು ಎಲ್ಲಿಂದ ಬರ್ತಿದೆ ಅಂತ ಬೇರ್ಪಡಿಸಿ

ಸುಮ್ನೆ "ಮೋಟಿವೇಶನ್ ಇಲ್ಲ" ಅಂದ್ರೆ ಏನೂ ಮಾಡೋಕಾಗಲ್ಲ. ಮೊಣಕಾಲು ನೋವು ಅಂತ ಬಂದ ಹುಡುಗನಿಗೆ ಎಲ್ಲಿ, ಯಾವಾಗ, ಮೆಟ್ಟಿಲು ಇಳಿಯುವಾಗಾ ಓಡುವಾಗಾ ಅಂತ ಕೇಳ್ತೀವಲ್ಲ, ಹಾಗೇ ಇಲ್ಲೂ ಕೇಳ್ಬೇಕು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನೋ ಅಮೆರಿಕದ ಇಬ್ರು ಸೈಕಾಲಜಿಸ್ಟ್‌ಗಳು ಹತ್ತಾರು ವರ್ಷ ಇದೇ ವಿಷಯದ ಮೇಲೆ ಕೆಲಸ ಮಾಡಿದ್ರು. ಅವರು ಹೇಳೋದು ಇಷ್ಟು, ಮನುಷ್ಯನಿಗೆ ಒಳಗಿಂದ ಹುಮ್ಮಸ್ಸು ಬರ್ಬೇಕಾದ್ರೆ ಮೂರು ಬೇಕು: ನನ್ನ ಕೆಲಸದಲ್ಲಿ ನನ್ನ ಮಾತು ನಡೆಯತ್ತೆ ಅನ್ನೋ ಭಾವನೆ, ನಂಗೆ ಇದು ಚೆನ್ನಾಗಿ ಬರತ್ತೆ ಮತ್ತು ಬೆಳೀತಿದೀನಿ ಅನ್ನೋ ಭಾವನೆ, ನನ್ನೋರು ಅಂತ ನಾಲ್ಕು ಜನ ಇದಾರೆ ಅನ್ನೋ ಭಾವನೆ. ಈ ಮೂರರಲ್ಲಿ ಯಾವುದು ಸೋರಿ ಹೋಗ್ತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಆಯ್ತು.

ಒಂದು ನೋಟ್‌ಬುಕ್ಕಲ್ಲಿ ಮೂರು ಕಾಲಂ ಎಳೆದು ಒಂದು ವಾರ ಬರೀರಿ. ಮೊದಲನೇ ಕಾಲಂ, ಈ ವಾರ ನನ್ನ ನಿರ್ಧಾರ ಎಲ್ಲಿ ನಡೀತು, ಎಲ್ಲಿ ಕಿತ್ಕೊಂಡ್ರು. ಟೀಮ್ ಸೆಲೆಕ್ಷನ್‌ಗೆ ಮ್ಯಾನೇಜ್ಮೆಂಟ್ ಕಡೆಯಿಂದ ಫೋನ್ ಬಂತಾ? ಪ್ರಾಕ್ಟೀಸ್ ಹೊತ್ತಲ್ಲಿ ಗ್ರೌಂಡನ್ನ ಯಾವುದೋ ಫಂಕ್ಷನ್ ಶಾಮಿಯಾನಕ್ಕೆ ಕೊಟ್ಬಿಟ್ರಾ? ಎರಡನೇ ಕಾಲಂ, ಈ ವಾರ ಏನಾದ್ರೂ ಹೊಸದು ಕಲಿತ್ನಾ, ಕಲಿಸಿದ್ದು ಯಾರಲ್ಲಾದ್ರೂ ಕಾಣಿಸ್ತಾ. ಮೂರನೇದು, ಆಟದ ಬಗ್ಗೆ ಯಾರ ಜೊತೆ ಮನಸ್ಸು ಬಿಚ್ಚಿ ಮಾತಾಡಿದೆ.

ಬಹಳ ಜನರಿಗೆ ಮೂರನೇ ಕಾಲಂ ಖಾಲಿ ಇರತ್ತೆ. ಕಾಮರ್ಸ್ ಡಿಪಾರ್ಟ್‌ಮೆಂಟಲ್ಲಿ ಐದು ಜನ ಇರ್ತಾರೆ, ಒಟ್ಟಿಗೆ ಟೀ ಕುಡೀತಾರೆ, ಸಿಲಬಸ್ ಬಗ್ಗೆ ಬೈಕೋತಾರೆ. ಇಡೀ ಕಾಲೇಜಿಗೆ ಫಿಸಿಕಲ್ ಡೈರೆಕ್ಟರ್ ಒಬ್ರೇ. ಸ್ಪೋರ್ಟ್ಸ್ ರೂಮು ಬಿಲ್ಡಿಂಗಿನ ಹಿಂದೆ ಎಲ್ಲೋ ಇರತ್ತೆ. ಆ ಒಂಟಿತನ ಈ ಹುದ್ದೆಯಲ್ಲೇ ಇರೋದು. ನಿಮ್ಮ ಸ್ವಭಾವದ ತಪ್ಪು ಅಂತ ತಿಳ್ಕೋಬೇಡಿ.

ಕೆನಡಾದ ಸಂಶೋಧಕರಾದ ಮಜೋ ಮತ್ತು ವಾಲೆರಾಂಡ್ 2003ರಲ್ಲಿ ಕೋಚ್ ಮತ್ತು ಆಟಗಾರರ ಸಂಬಂಧದ ಬಗ್ಗೆ ಒಂದು ಮಾದರಿ ಕೊಟ್ರು, ಅದರಲ್ಲಿ ನಮಗೆ ಬೇಕಾದ ಒಂದು ಅಂಶ ಇದೆ. ಕೋಚ್ ಮೇಲೆ ಮೇಲಿನೋರ ಒತ್ತಡ ಎಷ್ಟಿದೆ ಅನ್ನೋದು ಅವರು ಹುಡುಗರ ಜೊತೆ ನಡ್ಕೊಳ್ಳೋ ರೀತಿಯನ್ನ ಬದಲಾಯಿಸತ್ತೆ. ಒತ್ತಡ ಜಾಸ್ತಿ ಆದಷ್ಟು ಕೋಚ್ ಹೇಳಿ ಅರ್ಥ ಮಾಡಿಸೋದು ಬಿಟ್ಟು ಹಿಡಿತ, ಬೈಗುಳ, ಹೆದರಿಕೆ ಕಡೆ ವಾಲ್ತಾರೆ, ಹಾಗಾದಾಗ ಹುಡುಗರ ಆಸಕ್ತಿಯೂ ಬೀಳತ್ತೆ. ಅಂದ್ರೆ ಪ್ರಿನ್ಸಿಪಾಲ್ ಚೇಂಬರಲ್ಲಿ ಕೇಳಿಸ್ಕೊಂಡ ಮಾತು ಸಂಜೆ ಗ್ರೌಂಡಲ್ಲಿ ಒಬ್ಬ ಫಸ್ಟ್ ಇಯರ್ ಹುಡುಗಿ ಮೇಲೆ ಬೀಳತ್ತೆ. ಈ ಕಾರಣಕ್ಕೇ ಕೋಚ್ ಮನಸ್ಸಿನ ಆರೋಗ್ಯ ಕೋಚ್ ಒಬ್ಬರ ಸ್ವಂತ ವಿಷಯ ಅಂತ ನಾನು ಒಪ್ಪಲ್ಲ.

ಮೇಲಿನ ಒತ್ತಡ ಎಲ್ಲಿಂದ ಬರತ್ತೆ ಅಂತಾನೂ ತಿಳ್ಕೊಂಡಿದ್ರೆ ಒಳ್ಳೇದು. ನ್ಯಾಕ್‌ನ ಐದನೇ ಕ್ರೈಟೀರಿಯನ್‌ನಲ್ಲಿ ಕ್ರೀಡೆಯಲ್ಲಿ ಯೂನಿವರ್ಸಿಟಿ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಬಂದ ಪದಕ ಪ್ರಶಸ್ತಿ ಎಷ್ಟು ಅಂತ ಕೇಳ್ತಾರೆ. ಯೂನಿವರ್ಸಿಟಿಗಳಿಗೆ ಮಾಕಾ ಟ್ರೋಫಿ (ಕ್ರೀಡೆಯಲ್ಲಿ ಮುಂದಿರೋ ಯೂನಿವರ್ಸಿಟಿಗೆ ಕೊಡೋ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ) ಇದೆ, ಅದರ ಜೊತೆಗೆ ಈಗ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಬೇರೆ, ಅದರ ಎರಡನೇ ಆವೃತ್ತಿ 2022ರ ಏಪ್ರಿಲ್-ಮೇನಲ್ಲಿ ಬೆಂಗಳೂರಲ್ಲೇ ನಡೀತು. ಪದಕದ ಲೆಕ್ಕ ಕೇಳೋ ಪ್ರಿನ್ಸಿಪಾಲ್‌ಗೂ ಯಾರೋ ಒಬ್ರು ಲೆಕ್ಕ ಕೇಳ್ತಿರ್ತಾರೆ. ಇದು ಗೊತ್ತಿದ್ರೆ ಆ ಮಾತನ್ನ ಮೈಮೇಲೆ ಎಳ್ಕೊಳ್ಳೋದು ಸ್ವಲ್ಪ ಕಮ್ಮಿ ಆಗತ್ತೆ, ಮುಂದೆ ಅವರ ಹತ್ರ ಮಾತಾಡೋಕೂ ದಾರಿ ಸಿಗತ್ತೆ.

ಹೆಜ್ಜೆ 3: ವರ್ಷದ ಪ್ಲಾನಲ್ಲಿ ನಿಮ್ಮ ಹೆಸರೂ ಬರೀರಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಇದೊಂದು ಮಾಡಿದ್ರೂ ಸಾಕು.

ಯೂನಿವರ್ಸಿಟಿ ಸ್ಪೋರ್ಟ್ಸ್ ಕ್ಯಾಲೆಂಡರ್ ಬಂದ ದಿನ ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೀರಿ. ಹೆಚ್ಚಿನ ಕಡೆ ಆಗಸ್ಟ್ ಸೆಪ್ಟೆಂಬರ್‌ನಿಂದ ಇಂಟರ್ ಕಾಲೇಜಿಯೇಟ್ ಶುರು, ಝೋನು, ಇಂಟರ್ ಝೋನು, ಆಮೇಲೆ ಯೂನಿವರ್ಸಿಟಿ ಟೀಮ್ ಕೋಚಿಂಗ್ ಕ್ಯಾಂಪು, ಸೌತ್ ಝೋನ್ ಇಂಟರ್ ಯೂನಿವರ್ಸಿಟಿಗೆ ತಮಿಳುನಾಡೋ ಕೇರಳವೋ ಆಂಧ್ರವೋ ಟ್ರೈನಲ್ಲಿ ಹೋಗೋದು, ಅಷ್ಟೊತ್ತಿಗೆ ಸೆಮಿಸ್ಟರ್ ಎಕ್ಸಾಮು, ಅಟೆಂಡೆನ್ಸ್ ಶಾರ್ಟೇಜ್ ಗಲಾಟೆ, ಅದು ಮುಗೀತು ಅನ್ನೋವಾಗ ಆನ್ಯುಯಲ್ ಸ್ಪೋರ್ಟ್ಸ್ ಮೀಟು. ಇದರಲ್ಲಿ ನಿಮ್ಮ ಲೋಡ್ ಜಾಸ್ತಿ ಇರೋ ವಾರಗಳಿಗೆ ಕೆಂಪು ಬಣ್ಣ ಹಚ್ಚಿ. ಹುಡುಗರ ಲೋಡ್ ಬೇರೆ ನಿಮ್ಮ ಲೋಡ್ ಬೇರೆ, ನೆನಪಿರ್ಲಿ. ಟೂರ್ನಮೆಂಟ್ ಮುಗಿದ ವಾರ ಹುಡುಗರಿಗೆ ರೆಸ್ಟು, ಆದ್ರೆ ನಿಮಗೆ ಟಿಎ ಡಿಎ ಬಿಲ್ಲು, ವೋಚರ್ ಅಂಟಿಸೋದು, ಅಡ್ವಾನ್ಸ್ ಸೆಟಲ್ ಮಾಡೋದು, ರಿಪೋರ್ಟ್ ಬರೆಯೋದು. ನಿಮಗೆ ಅದೂ ಕೆಂಪು ವಾರಾನೇ.

ಪ್ರತಿ ಮೂರು ಕೆಂಪು ವಾರಕ್ಕೆ ಒಂದು ಹಗುರ ವಾರ ಹುಡುಕಿ ಹಸಿರು ಹಚ್ಚಿ. ಹಗುರ ಅಂದ್ರೆ ರಜೆ ಅಂತಲ್ಲ, ಬೆಳಗಿನ ಸೆಷನ್ ಕ್ಯಾಪ್ಟನ್ ಅಥವಾ ಸೀನಿಯರ್ ಹುಡುಗರು ವಾರ್ಮ್‌ಅಪ್ ಮತ್ತು ಬೇಸಿಕ್ ಡ್ರಿಲ್ ಮಾಡಿಸ್ತಾರೆ, ನೀವು ಸಂಜೆ ಮಾತ್ರ. ಹುಡುಗರ ಕೈಗೆ ಬಿಟ್ರೆ ಹಾಳಾಗತ್ತೆ ಅನ್ನೋ ಹೆದರಿಕೆ ಇದ್ರೆ ಮೊದಲು ಗ್ರೌಂಡಲ್ಲಿ ಜೊತೆಗೇ ನಿಂತು ಕ್ಯಾಪ್ಟನ್ ಕೈಲಿ ಮಾಡಿಸಿ, ಯಾವ ಡ್ರಿಲ್, ಎಷ್ಟು ಹೊತ್ತು, ಯಾರಿಗಾದ್ರೂ ಪೆಟ್ಟಾದ್ರೆ ಯಾರಿಗೆ ಫೋನು ಅಂತ ಬರ್ದು ಕೊಡಿ. ಕ್ಯಾಪ್ಟನ್ ಬೆಳೀತಾನೆ, ನಿಮಗೂ ಉಸಿರಾಡೋಕೆ ಜಾಗ ಸಿಗತ್ತೆ. ಆದ್ರೆ ಜಾವೆಲಿನ್, ಶಾಟ್‌ಪುಟ್, ಹೈಜಂಪ್ ತರದ್ದು ನೀವಿಲ್ಲದೆ ಬೇಡ.

ಇನ್ನು ಕೆಲವು ಕಟ್ಟುನಿಟ್ಟು. ಟೂರ್ ಮುಗಿಸಿ ರಾತ್ರಿ ಟ್ರೈನಲ್ಲಿ ಬಂದ ಮರುದಿನ ಬೆಳಗಿನ ಪ್ರಾಕ್ಟೀಸ್ ಇಲ್ಲ, ಅದನ್ನ ಟೂರ್ ಪ್ರೋಗ್ರಾಮ್‌ನಲ್ಲೇ ಬರ್ದುಬಿಡಿ. ಸೀಸನ್ ಜೋರಾಗಿದ್ರೂ ವಾರದಲ್ಲಿ ಒಂದು ಅರ್ಧ ದಿನ, ಭಾನುವಾರ ಮಧ್ಯಾಹ್ನ ಅಂತಿಟ್ಕೊಳ್ಳಿ, ಟೀಮ್ ವಾಟ್ಸಾಪ್ ಗ್ರೂಪ್ ಮ್ಯೂಟು, ಅರ್ಜೆಂಟ್ ಇದ್ರೆ ಕ್ಯಾಪ್ಟನ್ ಮಾತ್ರ ಫೋನ್ ಮಾಡ್ಬೇಕು. ರಾತ್ರಿ ಒಂಬತ್ತೂವರೆ ಮೇಲೆ ಗ್ರೂಪಲ್ಲಿ ಮೆಸೇಜ್ ಹಾಕಲ್ಲ ಅಂತ ನೀವೇ ಮೊದಲು ಪಾಲಿಸಿ. ನಿದ್ದೆ ಏಳು ಗಂಟೆ ಆಗ್ಬೇಕು, ಬೆಳಗ್ಗೆ ಐದಕ್ಕೆ ಏಳೋರು ಹತ್ತಕ್ಕೆ ಮಲಗಿದ್ರೆ ಮಾತ್ರ ಅದು ಆಗೋದು, ಬೇರೆ ದಾರಿ ಇಲ್ಲ.

ನಿಮ್ಮ ಸ್ವಂತ ವ್ಯಾಯಾಮದ ಬಗ್ಗೆ ಒಂದು ಮಾತು. ದಿನಾ ನಾಲ್ಕು ಗಂಟೆ ಗ್ರೌಂಡಲ್ಲೇ ಇರ್ತೀವಿ, ಆದ್ರೆ ಕತ್ತಿಗೆ ವಿಷಲ್ ಹಾಕ್ಕೊಂಡು ನಿಂತಿರ್ತೀವಿ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಹೇಳತ್ತೆ, ಸೇರಿದ ಹೊಸದರಲ್ಲಿ ಹುಡುಗರ ಜೊತೆ ಓಡ್ತಿದ್ದ ಎಷ್ಟೋ ಜನ ನಲವತ್ತು ದಾಟಿದ ಮೇಲೆ ಅದರ ಅರ್ಧಾನೂ ಮಾಡ್ತಿರಲ್ಲ. ನಿಮ್ಮದು ಯಾವ ಆಟ ಆಗಿತ್ತೋ ಆ ಆಟಾನೇ ವಾರಕ್ಕೆರಡು ಸಲ ಆಡಿ, ಕಲಿಸೋಕಲ್ಲ, ಆಡೋಕೆ. ಶಟಲ್ ಆಡ್ತಿದ್ದೋರು ಶಟಲ್, ಖೋ-ಖೋದೋರು ಊರಿನ ಹಳೇ ಆಟಗಾರರ ಜೊತೆ ಖೋ-ಖೋ. ಈ ಕೆಲಸಕ್ಕೆ ಬಂದಿದ್ದೇ ಆಟ ಇಷ್ಟ ಅಂತ, ಆ ಇಷ್ಟಕ್ಕೆ ವಾರದಲ್ಲಿ ಒಂದು ಗಂಟೆ ಜಾಗಾನೂ ಇಲ್ಲ ಅಂದ್ರೆ ಹುಮ್ಮಸ್ಸು ಎಲ್ಲಿಂದ ಬರ್ಬೇಕು ಹೇಳಿ.

ಬೇಸಿಗೆಯಲ್ಲಿ ಹದಿನೈದು ದಿನ ಪೂರ್ತಿ ಬಿಡುವು. ಟ್ರೈನಿಂಗ್ ಪ್ಲಾನಲ್ಲಿ ಟ್ರಾನ್ಸಿಶನ್ ಫೇಸ್ (ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗೋ ನಡುವಿನ ಬಿಡುವು) ಅಂತ ಬರೀತೀವಲ್ಲ, ಅದು ಕೋಚ್‌ಗೂ ಇದೆ. ಸಮ್ಮರ್ ಕ್ಯಾಂಪ್ ದುಡ್ಡು ಬೇಕಾಗಿರೋರು ಇದಾರೆ, ನಂಗೆ ಗೊತ್ತು, ಅಂಥೋರು ಹದಿನೈದನ್ನ ಎಂಟು ಮಾಡ್ಕೊಳ್ಳಿ, ಸೊನ್ನೆ ಮಾತ್ರ ಮಾಡ್ಬೇಡಿ.

ಹೆಜ್ಜೆ 4: ಸೋತ ರಾತ್ರಿಗೆ ಮೊದಲೇ ಒಂದು ಕ್ರಮ ಇಟ್ಕೊಳ್ಳಿ

ಸೋಲು ಬಂದೇ ಬರತ್ತೆ. ನಾಕೌಟ್‌ನಲ್ಲಿ ಹದಿನಾರು ಕಾಲೇಜು ಬಂದ್ರೆ ಹದಿನೈದು ಸೋತೇ ಹೋಗೋದು. ಆದ್ರೂ ಸೋತ ರಾತ್ರಿ ಏನು ಮಾಡ್ಬೇಕು ಅಂತ ನಾವು ಯೋಚನೆ ಮಾಡಿರಲ್ಲ, ಹಾಗಾಗಿ ತೋಚಿದ್ದು ಮಾಡ್ತೀವಿ, ಬಸ್ಸಲ್ಲೇ ಎಲ್ಲರಿಗೂ ಬೈತೀವಿ, ಇಲ್ಲ ಒಬ್ರ ಜೊತೆಗೂ ಮಾತಾಡದೆ ಕಿಟಕಿ ಕಡೆ ಮುಖ ಮಾಡಿ ಕೂತ್ಬಿಡ್ತೀವಿ, ಕೆಲವ್ರು ಲಾಡ್ಜಿಗೆ ಬಂದು ಕುಡೀತಾರೆ. ಕುಡಿದ್ರೆ ಬೇಗ ನಿದ್ದೆ ಬಂದಂಗಿರತ್ತೆ, ಆದ್ರೆ ನಡುರಾತ್ರಿ ಎಚ್ಚರ ಆಗಿ ಅದೇ ಮ್ಯಾಚ್ ತಲೇಲಿ ಓಡತ್ತೆ. ಹುಡುಗರ ಜವಾಬ್ದಾರಿ ಹೊತ್ತು ಟೂರಲ್ಲಿರುವಾಗ ಅದು ಬೇಡವೇ ಬೇಡ.

ಮೊದಲು ಊಟ, ಸ್ನಾನ. ಮ್ಯಾಚ್ ಮುಗಿದ ಒಂದು ಗಂಟೆ ಒಳಗೆ ಯಾರ ಆಟದ ಬಗ್ಗೆಯೂ ವಿಮರ್ಶೆ ಬೇಡ, "ಊಟ ಮಾಡ್ರಪ್ಪಾ, ನಾಳೆ ಮಾತಾಡೋಣ" ಇಷ್ಟು ಸಾಕು. ಮಲಗೋ ಮುಂಚೆ ನೋಟ್‌ಬುಕ್ಕಲ್ಲಿ ಮೂರು ವಿಷಯ ಬರೀರಿ, ನನ್ನ ಕೈಲಿದ್ದು ಸರಿ ಮಾಡಿದ್ದು ಏನು, ನನ್ನ ಕೈಲಿದ್ದು ತಪ್ಪಿದ್ದು ಏನು, ನನ್ನ ಕೈಲಿಲ್ಲದ್ದು ಏನು. ಅಂಪೈರ್ ಡಿಸಿಷನ್, ಡ್ರಾದಲ್ಲಿ ಯಾರ ಎದುರು ಬಿದ್ವಿ ಅನ್ನೋದು, ಎದುರು ಟೀಮಲ್ಲಿ ಇಬ್ರು ನ್ಯಾಷನಲ್ ಆಡಿದೋರು ಇದ್ದಿದ್ದು ಮೂರನೇದಕ್ಕೆ ಹೋಗತ್ತೆ. ಬರ್ದ ಮೇಲೆ ಪುಸ್ತಕ ಮುಚ್ಚಿ. ಟೀಮ್ ಜೊತೆ ವಿಮರ್ಶೆ ಎರಡನೇ ದಿನ, ವಿಡಿಯೋ ಇದ್ರೆ ಅದನ್ನ ಹಾಕ್ಕೊಂಡು.

ಇದು ಕೆಲಸ ಮಾಡ್ಬೇಕಾದ್ರೆ ಸೀಸನ್ ಮುಂಚೆನೇ ಗುರಿಗಳನ್ನ ಬಿಡಿಸಿ ಬರ್ದಿರ್ಬೇಕು. ಕಪ್ ಗೆಲ್ಲೋದು ಫಲಿತಾಂಶದ ಗುರಿ. ಕ್ರಾಸ್ ಕಂಟ್ರಿ ಹುಡುಗಿ ಹೋದ ವರ್ಷದ ಟೈಮಿಗಿಂತ 40 ಸೆಕೆಂಡ್ ಕಮ್ಮಿ ಮಾಡೋದು ಸಾಧನೆಯ ಗುರಿ. ಕಬಡ್ಡಿಯಲ್ಲಿ ಡೂ ಆರ್ ಡೈ ರೈಡಿಗೆ (ಪಾಯಿಂಟ್ ತರ್ಲೇಬೇಕು, ಇಲ್ಲಾಂದ್ರೆ ರೈಡರ್ ಔಟ್ ಆಗೋ ರೈಡು) ಇಬ್ರು ರೈಡರ್‌ಗಳನ್ನ ಬೇರೆಯಾಗಿ ತಯಾರು ಮಾಡೋದು, ವಾರಕ್ಕೆ ಮೂರು ದಿನ ಬ್ಲಾಕಿಂಗ್ ಡ್ರಿಲ್ ತಪ್ಪದೆ ಮಾಡೋದು, ಇವು ದಿನದ ಕೆಲಸದ ಗುರಿಗಳು. ಬರೀ ಮೊದಲನೇದನ್ನ ಇಟ್ಕೊಂಡೋರಿಗೆ ವರ್ಷದಲ್ಲಿ ಖುಷಿ ಪಡೋ ಚಾನ್ಸು ಒಂದೇ, ಅದೂ ಸಿಗಬಹುದು ಸಿಗದೇ ಇರಬಹುದು. ಕೊನೇದು ವಾರ ವಾರ ಸಿಗತ್ತೆ.

ಸೋಲಿಗಿಂತ ಹೆಚ್ಚು ಕಾಡೋದು ಇನ್ನೊಂದಿದೆ, ಹುಡುಗರಿಗೆ ಆಗೋ ದೊಡ್ಡ ಇಂಜುರಿ. ಒಬ್ಬ ಒಳ್ಳೇ ರೈಡರ್‌ಗೆ ಎಸಿಎಲ್ (ಮೊಣಕಾಲಿನ ಒಳಗಿನ ಲಿಗಮೆಂಟ್) ಹರೀತು ಅಂದ್ರೆ ಆಪರೇಷನ್ ಆಗಿ ಮತ್ತೆ ಆಟಕ್ಕೆ ಬರೋಕೆ ಒಂಬತ್ತು ತಿಂಗಳು ಅಥವಾ ಇನ್ನೂ ಹೆಚ್ಚು, ಡಿಗ್ರಿಯ ಮೂರು ವರ್ಷದಲ್ಲಿ ಒಂದು ವರ್ಷ ಅಲ್ಲೇ ಹೋಯ್ತು. ಅಪ್ಪ ಅಮ್ಮ ಬಂದು "ನಿಮ್ಮನ್ನ ನಂಬಿ ಕಳ್ಸಿದ್ವಿ ಸಾರ್" ಅಂದಾಗ ಆಗೋ ಸಂಕಟ ಅನುಭವಿಸಿದೋರಿಗೇ ಗೊತ್ತು. ಆ ಹೊತ್ತಲ್ಲಿ ಅಪರಾಧ ಮಾಡಿದೋರ ತರ ದೂರ ಸರಿಯೋರನ್ನ ನೋಡಿದೀನಿ, ಅದು ಇಬ್ಬರಿಗೂ ಒಳ್ಳೇದಲ್ಲ. ಇಂಜುರಿ ಆದ ದಿನವೇ ಏನಾಯ್ತು, ಯಾವ ಡಾಕ್ಟರ್ ಹತ್ರ ಹೋದ್ವಿ ಅಂತ ದಿನಾಂಕ ಹಾಕಿ ಬರ್ದಿಡಿ, ಪ್ರಿನ್ಸಿಪಾಲ್‌ಗೆ ಲಿಖಿತವಾಗಿ ತಿಳ್ಸಿ, ಆಮೇಲೆ ವಾರಕ್ಕೊಂದು ಸಲ ಆ ಹುಡುಗನಿಗೆ ಫೋನ್ ಮಾಡಿ, ಸ್ಕೋರ್ ಬರೆಯೋಕಾದ್ರೂ ಗ್ರೌಂಡಿಗೆ ಕರೆಸಿ. ಮಾಡೋಕಿರೋದನ್ನ ಮಾಡ್ತಾ ಇದ್ರೆ ಮನಸ್ಸಿನ ಭಾರ ಇಳಿಯತ್ತೆ.

ಹೆಜ್ಜೆ 5: ಹುಡುಗರ ಕಷ್ಟ ಕೇಳಿ, ಆದ್ರೆ ಒಬ್ರೇ ಹೊರಬೇಡಿ

ಕ್ಲಾಸ್ ಮೇಷ್ಟ್ರಿಗೆ ಹೇಳದ್ದನ್ನ ಹುಡುಗರು ಕೋಚ್‌ಗೆ ಹೇಳ್ತಾರೆ. ಮನೇಲಿ ಅಪ್ಪ ಕುಡೀತಾರೆ, ಹಾಸ್ಟೆಲ್ ಫೀಸ್ ಕಟ್ಟಿಲ್ಲ, ಲವ್ ಫೇಲ್ಯೂರು, ಮದುವೆ ಮಾಡ್ತೀವಿ ಅಂತಿದಾರೆ ಮೇಡಂ. ಈ ನಂಬಿಕೆ ದೊಡ್ಡದು, ಆದ್ರೆ ಇಪ್ಪತ್ತು ಮಕ್ಕಳ ಕಷ್ಟ ತಲೆ ಮೇಲೆ ಹೊತ್ತು ಮನೆಗೆ ಹೋಗೋರು ತಮ್ಮ ಮನೆ ಮಕ್ಕಳ ಜೊತೆ ಮಾತಾಡೋಕೂ ಶಕ್ತಿ ಉಳಿಸ್ಕೊಂಡಿರಲ್ಲ. ಪೂರ್ತಿ ಕೇಳಿ, ಬುದ್ಧಿ ಹೇಳೋಕೆ ಅವಸರ ಬೇಡ, ಆಮೇಲೆ ಅದನ್ನ ನೋಡ್ಕೊಳ್ಳೋ ಜನಕ್ಕೆ ದಾಟಿಸಿ. ಕಾಲೇಜ್ ಕೌನ್ಸೆಲರ್, ಮೆಂಟರ್ ಟೀಚರ್, ಸ್ಕಾಲರ್‌ಶಿಪ್ ನೋಡ್ಕೊಳ್ಳೋ ಕ್ಲರ್ಕು, ಲೈಂಗಿಕ ಕಿರುಕುಳ ಇದ್ರೆ ಇಂಟರ್ನಲ್ ಕಮಿಟಿ, ಇವರೆಲ್ಲರ ಹೆಸರು ನಂಬರ್ ಒಂದೇ ಹಾಳೇಲಿ ಬರ್ದು ಸ್ಪೋರ್ಟ್ಸ್ ರೂಮಲ್ಲಿ ಅಂಟಿಸಿ. ಯಾರಾದ್ರೂ ಸಾಯೋ ಮಾತಾಡಿದ್ರೆ ಮಾತ್ರ "ಯಾರಿಗೂ ಹೇಳ್ಬೇಡಿ ಸಾರ್" ಅಂದ್ರೂ ಗುಟ್ಟಾಗಿ ಇಟ್ಕೋಬೇಡಿ, ಒಂಟಿಯಾಗಿ ಬಿಡ್ಬೇಡಿ, ತಕ್ಷಣ ಸಹಾಯ ಕರೀರಿ. ಕೈಯಿಂದ ದುಡ್ಡು ಕೊಡೋ ವಿಷಯದಲ್ಲೂ ತಿಂಗಳಿಗೆ ಇಷ್ಟು ಅಂತ ಒಂದು ಮಿತಿ ಇಟ್ಕೊಳ್ಳಿ.

ಹೆಜ್ಜೆ 6: ನಾಲ್ಕು ಜನ ಕೋಚ್‌ಗಳ ಕೂಟ

ಸುತ್ತಮುತ್ತಲ ಕಾಲೇಜುಗಳ ಮೂರ್ನಾಲ್ಕು ಜನ ಫಿಸಿಕಲ್ ಡೈರೆಕ್ಟರ್‌ಗಳು ತಿಂಗಳಿಗೊಂದು ಸಲ ಸೇರಿ. ಗ್ರೌಂಡಲ್ಲಿ ಎದುರಾಳಿಗಳು ನಿಜ, ಆದ್ರೆ ಈ ಕೆಲಸದ ನೋವು ಅವರಿಗೆ ಅರ್ಥ ಆದಷ್ಟು ಇನ್ಯಾರಿಗೂ ಆಗಲ್ಲ. ವಾಟ್ಸಾಪ್ ಗ್ರೂಪ್ ಬೇರೆ, ಇದು ಬೇರೆ, ಗ್ರೂಪಲ್ಲಿ ಬರೀ ಸರ್ಕ್ಯುಲರ್ ಮತ್ತು ಅಭಿನಂದನೆಗಳು ಬರ್ತವೆ. ಎದುರೆದುರು ಕೂತು ಒಬ್ಬೊಬ್ರು ಹತ್ತು ನಿಮಿಷ, ಈ ತಿಂಗಳು ಏನು ಕಷ್ಟ ಆಯ್ತು, ಏನು ಹೊಸದು ಮಾಡಿದೆ. ಒಬ್ರಿಗೆ ಅಥ್ಲೆಟಿಕ್ಸ್ ಚೆನ್ನಾಗಿ ಬರತ್ತೆ, ಇನ್ನೊಬ್ರಿಗೆ ಹ್ಯಾಂಡ್‌ಬಾಲ್, ಪರಸ್ಪರ ಕಾಲೇಜಿಗೆ ಹೋಗಿ ಒಂದೊಂದು ಸೆಷನ್ ಮಾಡಿ. ಹೀಗೆ ಮಾಡಿದ್ರೆ ಹೆಜ್ಜೆ 2ರ ಎರಡನೇ, ಮೂರನೇ ಕಾಲಂ ಎರಡೂ ತುಂಬ್ತವೆ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೋ ಪಟಿಯಾಲದ ಎನ್‌ಐಎಸ್‌ನಲ್ಲೋ ಕೋಚಿಂಗ್ ಕೋರ್ಸ್ ಮಾಡ್ಬೇಕು ಅಂತ ವರ್ಷಗಳಿಂದ ಅಂದ್ಕೊಂಡಿರೋರು ಅರ್ಜಿ ಹಾಕಿ, ಕಲಿಯೋನ ಜಾಗದಲ್ಲಿ ಮತ್ತೆ ಕೂರೋದು ಮನಸ್ಸಿಗೆ ಬಹಳ ಒಳ್ಳೇದು.

ಮಹಿಳಾ ಕೋಚ್‌ಗಳ ವಿಷಯ ಇಲ್ಲಿ ಬಿಡಿಸಿ ಹೇಳ್ಬೇಕು. ಹುಡುಗಿಯರ ಟೀಮ್ ಹೋಗುವಾಗ ಜೊತೆಗೆ ಮೇಡಂ ಇರ್ಲೇಬೇಕು, ಹಾಗಾಗಿ ಕಾಲೇಜಲ್ಲಿ ಇರೋ ಒಬ್ರೇ ಮೇಡಂ ಎಲ್ಲಾ ಹುಡುಗಿಯರ ಟೀಮಿಗೂ ಹೋಗ್ಬೇಕು, ಅವರ ಆಟ ಬೇರೆ ಇದ್ರೂ ಸರಿ. ಮನೇಲಿ ಚಿಕ್ಕ ಮಗು, ಅತ್ತೆ ಮಾವ, ನಾಲ್ಕು ದಿನ ಊರು ಬಿಟ್ಟು ಹೋದ್ರೆ ಮಾತು. ಟೂರ್ನಮೆಂಟ್ ಜಾಗದಲ್ಲಿ ಸರಿಯಾದ ಟಾಯ್ಲೆಟ್ ಇಲ್ಲ ಅಂತ ನೀರೇ ಕುಡೀದೆ ದಿನ ಕಳೆಯೋದು. ಆಫೀಶಿಯಲ್ಸ್ ಮೀಟಿಂಗಲ್ಲಿ ಇಪ್ಪತ್ತು ಗಂಡಸರ ನಡುವೆ ಒಬ್ರೇ ಕೂತು ಮಾತಾಡಿದ್ರೆ "ಮೇಡಂ ನಿಮಗೆ ಗೊತ್ತಾಗಲ್ಲ ಬಿಡಿ" ಅನ್ನಿಸ್ಕೊಳ್ಳೋದು. ಇದೆಲ್ಲ ತಾಳ್ಮೆ ಬೆಳೆಸ್ಕೊಂಡ್ರೆ ಸರಿ ಹೋಗೋ ವಿಷಯ ಅಲ್ಲ, ವ್ಯವಸ್ಥೆ ಸರಿ ಮಾಡ್ಬೇಕಾದ ವಿಷಯ. ಬೇರೆ ಡಿಪಾರ್ಟ್‌ಮೆಂಟಿನ ಇಬ್ರು ಲೇಡಿ ಲೆಕ್ಚರರ್‌ಗಳನ್ನ ಮ್ಯಾನೇಜರ್ ಆಗಿ ಹೋಗೋಕೆ ವರ್ಷದ ಶುರುವಲ್ಲೇ ಆರ್ಡರ್ ಮಾಡಿಸ್ಕೊಳ್ಳಿ, ಸರದಿ ಮೇಲೆ ಹೋಗ್ಬಹುದು. ಹೊರಡೋ ಮುಂಚೆ ರೂಮು, ಟಾಯ್ಲೆಟ್, ಸೇಫ್ಟಿ ಬಗ್ಗೆ ಆತಿಥ್ಯ ವಹಿಸಿರೋ ಕಾಲೇಜಿಂದ ಮೆಸೇಜಲ್ಲಿ ಕನ್ಫರ್ಮ್ ತಗೊಳ್ಳಿ. ಯಾರಾದ್ರೂ ಅಸಭ್ಯವಾಗಿ ನಡ್ಕೊಂಡ್ರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಪಾಶ್ ಕಾಯ್ದೆ ವಿದ್ಯಾರ್ಥಿನಿಯರಿಗೆ ಮಾತ್ರ ಅಲ್ಲ ನಿಮಗೂ ಇದೆ, ಗೆಸ್ಟ್ ಟೀಚರ್ ಆಗಿದ್ರೂ ಇದೆ.

ಹೆಜ್ಜೆ 7: ಯಾವಾಗ ಡಾಕ್ಟರ್ ಹತ್ರ ಹೋಗ್ಬೇಕು

ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ರೆ, ಆಟದಲ್ಲೂ ಮನೇಲೂ ಯಾವುದರಲ್ಲೂ ಆಸಕ್ತಿ ಇಲ್ದಿದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಕುಡಿತ ಜಾಸ್ತಿ ಆಗ್ತಿದ್ರೆ, ಹೋಗ್ಲೇಬೇಕು. ಬದುಕೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದ್ರೂ ಎರಡು ವಾರ ಕಾಯೋ ಹಾಗಿಲ್ಲ, ಆವತ್ತೇ ಯಾರಿಗಾದ್ರೂ ಹೇಳಿ.

ಟೆಲಿ-ಮಾನಸ್ 14416, ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. ಜೀವಕ್ಕೆ ಅಪಾಯ ಅನ್ನಿಸಿದ್ರೆ 112, ಇಲ್ಲ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ. ಬೆಂಗಳೂರಿಂದ ದೂರ ಇರೋರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗ್ಬಹುದು, ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರ್ತಾರೆ, ಯಾವ ದಿನ ಅಂತ ಅಲ್ಲೇ ವಿಚಾರಿಸ್ಕೊಳ್ಳಿ.

"ಪಿಟಿ ಮೇಷ್ಟ್ರು ಮೆಂಟಲ್ ಡಾಕ್ಟರ್ ಹತ್ರ ಹೋಗಿದ್ರಂತೆ" ಅನ್ನೋ ಮಾತಿಗೆ ಹೆದರಿ ತಡ ಮಾಡೋರು ತುಂಬಾ ಜನ, ಗಟ್ಟಿಮುಟ್ಟಾಗಿ ಕಾಣ್ಬೇಕು ಅನ್ನೋ ನಿರೀಕ್ಷೆ ನಮ್ಮ ಮೇಲೆ ಜಾಸ್ತಿ ಅಲ್ವಾ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿ ಇಡೋದು ಚಿಕಿತ್ಸೆ ಕೊಡೋರ ಕಾನೂನಿನ ಜವಾಬ್ದಾರಿ, ಇನ್ಶೂರೆನ್ಸ್ ಕಂಪನಿಗಳೂ ಮೈ ಕಾಯಿಲೆ ತರಾನೇ ಇದಕ್ಕೂ ಕವರ್ ಕೊಡ್ಬೇಕು ಅಂತ ಅದರಲ್ಲೇ ಇದೆ. ಹ್ಯಾಮ್‌ಸ್ಟ್ರಿಂಗ್ ಎಳೆದ ಹುಡುಗನಿಗೆ ಫಿಸಿಯೋ ಹತ್ರ ಹೋಗು ಅನ್ನೋಕೆ ನಾವು ಒಂದು ನಿಮಿಷಾನೂ ಯೋಚನೆ ಮಾಡಲ್ಲ.

ಹೆಜ್ಜೆ 8: ಜೂನ್‌ನಲ್ಲೇ ಪ್ರಿನ್ಸಿಪಾಲ್ ಹತ್ರ ಕೂತ್ಕೊಳ್ಳಿ

ಮೇಲಿನ ಏಳರಲ್ಲಿ ಅರ್ಧ ನಿಮ್ಮ ಕೈಲಿದೆ, ಉಳಿದರ್ಧ ಕಾಲೇಜಿನ ಕೈಲಿದೆ. ಅದನ್ನ ಮುಚ್ಚಿಟ್ಟು ಬರೀ ಧ್ಯಾನ ಮಾಡಿ ಪಾಸಿಟಿವ್ ಆಗಿರಿ ಅಂತ ಹೇಳೋದು ಅನ್ಯಾಯ. ಸೀಸನ್ ನಡುವೆ, ಸೋತು ಬಂದಾಗ, ಸಿಟ್ಟಲ್ಲಿ ಕೇಳಿದ್ರೆ ಏನೂ ಸಿಗಲ್ಲ. ಬಜೆಟ್ ಮಾಡೋ ಹೊತ್ತಲ್ಲಿ, ಒಂದು ಪುಟದ ಲಿಖಿತ ಮನವಿ ಹಿಡ್ಕೊಂಡು ಹೋಗಿ.

ಅದರಲ್ಲಿ ಇಷ್ಟಿರ್ಲಿ. ವರ್ಷದ ಕ್ಯಾಲೆಂಡರ್, ಕೆಂಪು ವಾರಗಳ ಸಮೇತ, ಆ ವಾರಗಳಲ್ಲಿ ಬೇರೆ ಕಮಿಟಿ ಡ್ಯೂಟಿ ಬೇಡ ಅನ್ನೋ ಕೋರಿಕೆ. ಟೂರಿಗೆ ಅಡ್ವಾನ್ಸ್ ಹೊರಡೋ ಮುಂಚೆನೇ ಕೈಗೆ ಬರ್ಬೇಕು, ಸ್ವಂತ ದುಡ್ಡು ಹಾಕಿ ಮೂರು ತಿಂಗಳು ಬಿಲ್ ಹಿಂದೆ ಓಡೋ ಹಾಗಾಗ್ಬಾರ್ದು, ಮನಸ್ಸು ಕೆಡಿಸೋದ್ರಲ್ಲಿ ಈ ಬಿಲ್ಲಿನ ಕಾಟ ಸೋಲಿಗಿಂತ ಕಮ್ಮಿ ಇಲ್ಲ. ಆಡೋ ಮಕ್ಕಳ ಅಟೆಂಡೆನ್ಸ್ ಬಗ್ಗೆ ಎಲ್ಲಾ ಹೆಚ್‌ಓಡಿಗಳಿಗೆ ಪ್ರಿನ್ಸಿಪಾಲ್ ಸೈನಿನ ಒಂದೇ ಸರ್ಕ್ಯುಲರ್, ಒಬ್ಬೊಬ್ಬರ ಹತ್ರ ನೀವು ಹೋಗಿ ಬೇಡೋದು ತಪ್ಪತ್ತೆ. ಟೀಮ್ ಸೆಲೆಕ್ಷನ್‌ಗೆ ಮೂರು ಜನರ ಕಮಿಟಿ, ಟ್ರಯಲ್ಸ್ ಮಾರ್ಕ್ಸ್ ಬೋರ್ಡಿಗೆ ಹಾಕೋದು, ಆಗ ಶಿಫಾರಸ್ಸಿನ ಫೋನಿಗೆ ನೀವೊಬ್ರೇ ಉತ್ತರ ಕೊಡ್ಬೇಕಾಗಿಲ್ಲ. ಮತ್ತೆ ವರ್ಷದ ಕೊನೆಗೆ ನಿಮ್ಮ ಕೆಲಸವನ್ನ ಪದಕದ ಜೊತೆ ಇನ್ನೇನು ನೋಡಿ ಅಳೀಬೇಕು ಅನ್ನೋ ಪಟ್ಟಿ: ಎಷ್ಟು ಮಕ್ಕಳು ದಿನಾ ಗ್ರೌಂಡಿಗೆ ಬಂದ್ರು, ಎಷ್ಟು ಹುಡುಗಿಯರು, ಎಷ್ಟು ಜನ ಯೂನಿವರ್ಸಿಟಿ ಟೀಮಿಗೆ ಹೋದ್ರು, ಎಷ್ಟು ಜನ ಆಟದ ಜೊತೆ ಎಲ್ಲಾ ಸಬ್ಜೆಕ್ಟ್ ಪಾಸಾದ್ರು. ಈ ನಂಬರ್‌ಗಳು ಅವರ ವಾರ್ಷಿಕ ವರದಿಗೂ ಬೇಕಾಗ್ತವೆ, ಹಾಗಾಗಿ ಇದನ್ನ ಪ್ರಿನ್ಸಿಪಾಲ್‌ಗಳು ಸಾಮಾನ್ಯವಾಗಿ ಬೇಡ ಅನ್ನಲ್ಲ.

ಗೆಸ್ಟ್ ಮತ್ತು ಕಾಂಟ್ರಾಕ್ಟ್ ಮೇಲಿರೋರು ಇಷ್ಟೆಲ್ಲ ಕೇಳೋಕಾಗಲ್ಲ, ಕೇಳಿದ್ರೆ ಮುಂದಿನ ವರ್ಷ ಕರೀದೇ ಇದ್ರೆ ಅನ್ನೋ ಭಯ ಇರತ್ತೆ, ಆ ಭಯ ಸುಳ್ಳಲ್ಲ. ಅಂಥೋರು ಮೂರು ಮಾತ್ರ ಕೇಳಿ: ಕೆಲಸದ ಅವಧಿ ಮತ್ತು ಡ್ಯೂಟಿ ಏನೇನು ಅಂತ ಬರಹದಲ್ಲಿ, ಟೂರ್ ಅಡ್ವಾನ್ಸ್, ಮತ್ತೆ ವರ್ಷ ಮುಗಿದಾಗ ಟೀಮಿನ ಫಲಿತಾಂಶ ನಮೂದಿಸಿದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್. ಒಬ್ರೇ ಹೋಗೋ ಬದಲು ಪರ್ಮನೆಂಟ್ ಇರೋ ಸೀನಿಯರ್ ಡೈರೆಕ್ಟರ್ ಒಬ್ರನ್ನ ಜೊತೆಗೆ ಕರ್ಕೊಂಡು ಹೋಗಿ. ಪರ್ಮನೆಂಟ್ ಇರೋರಿಗೆ ನನ್ನ ಕೋರಿಕೆ ಏನಂದ್ರೆ, ಅವರು ಬಂದು ಕರೆಯೋತನಕ ಕಾಯ್ಬೇಡಿ, ಈ ಜೂನ್‌ನಲ್ಲಿ ನೀವೇ ಅವರ ಪರವಾಗಿ ಹೋಗಿ ಮಾತಾಡಿ.